ವರ್ಷ ತುಂಬಲಿ

ಬಡಗಿಯ ಹೆಂಡತಿ ಶೆಡ್ಡಿನ ನೆಲದ ಮರದ ಪುಡಿ ಗುಡಿಸುತ್ತಿದ್ದಳು. ಕೊಯ್ಲಿನ ಕಾಲ. ಬಿಸಿಲೇರುವ ಮೊದಲೇ ಒಂದಿಷ್ಟು ಮುಗಿಸೋಣವೆಂದು ಊರಿಗೆ ಊರೇ ನಸುಕಿನಿಂದ ಹೊಲದಲ್ಲಿತ್ತು. ಸಾವಿನ ಸುದ್ದಿ ಮುಟ್ಟಿದವರು ಕುಡುಗೋಲನ್ನು ಬದುವಿನ ಮೇಲಿಟ್ಟು, ಮೈಗಂಟಿದ ಹೊಟ್ಟನ್ನೂ ಕೊಡವಿಕೊಳ್ಳದೆ ಒಬ್ಬೊಬ್ಬರಾಗಿ ಬರುತ್ತಿದ್ದರು. ಬಂದವರಿಗೆ ಕೂರಲು ಜಾಗ ಬೇಕಲ್ಲ. ನಡುಕೋಣೆಯಲ್ಲಿ ಗಂಡನನ್ನು ಮಲಗಿಸಿದ್ದರು. ಉಳಿದ ಜಾಗದಲ್ಲಿ ನಾಲ್ವರು ನಿಂತರೆ ಐದನೆಯವರು ಹೊಸಿಲಾಚೆ.

ಇಬ್ಬರು ಹೆಂಗಸರು ಪೊರಕೆ ಕಿತ್ತುಕೊಳ್ಳಲು ನೋಡಿದರು. ಇವತ್ತೊಂದು ದಿನವಾದರೂ ಕೂತುಕೋ ಎಂದರು. ಕೂತರೆ ಮತ್ತೆ ಏಳಲಾರೆನೆಂದು ಅವಳಿಗೆ ಗೊತ್ತಿತ್ತು. ಪೊರಕೆ ಬಿಡಲಿಲ್ಲ.

ಅರ್ಧಕ್ಕೆ ನಿಂತಿದ್ದ ಲಾರಿಯ ಹಿಂಬದಿಯ ಹಲಗೆಗಳನ್ನು ಕಮ್ಮಾರ ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸುತ್ತಿದ್ದ. ಲಾರಿಯ ಹಿಂಬದಿ ಕಟ್ಟುವುದೇ ಇಬ್ಬರಿಗೂ ಕಸುಬು. ಮರ ಬಡಗಿಯದು, ಕಬ್ಬಿಣ ಇವನದು. ಇಲ್ಲಿ ಬಿಡಿಭಾಗ ಮಾಡಿ, ಓಣಿಗೆ ಬಾರದ ಲಾರಿಗೆ ದೊಡ್ಡ ರಸ್ತೆಯಲ್ಲಿ ಜೋಡಿಸುತ್ತಿದ್ದರು. ಜೋಡೆತ್ತಿನ ಹಾಗೆ ದುಡಿದವರು, ಜೋಡೆತ್ತಿನ ಹಾಗೇ ಒಬ್ಬರನ್ನೊಬ್ಬರು ಹಾಯುತ್ತಲೂ ಇದ್ದರು.

"ಮೂವತ್ತು ವರ್ಷದಿಂದ ನನ್ನ ಮೊಳೆ ಡೊಂಕು ಅಂತಲೇ ಬಂದ, ತಂಗಿ," ಎಂದ ಕಮ್ಮಾರ, ಮುಖ ಗೋಡೆಯ ಕಡೆ ಮಾಡಿಕೊಂಡು. "ಒಂದು ದಿನ ನೆಟ್ಟಗಿದೆ ಅಂದು ಹೋಗಬಾರದಿತ್ತಾ."

ಅವಳಿಗೆ ನಗು ಬಂದಂತಾಯಿತು. ಅಂಥ ಮನುಷ್ಯನೇ ಅವಳ ಗಂಡ. ಊರೂರಿನ ಲಾರಿಗಳಿಗೆ ಬೆನ್ನು ಕಟ್ಟಿಕೊಟ್ಟವನು, ತಾನು ಮಾತ್ರ ಕಡೆಯವರೆಗೂ ಸೈಕಲ್ ತುಳಿದ. ಅಂಗಡಿಯಲ್ಲಿ ಬೀಡಿಯನ್ನು ಕೂಡ ಕಡ ತಂದವನಲ್ಲ. ಇದ್ದರೆ ಉಂಡ, ಇಲ್ಲದಿದ್ದರೆ ನೀರು ಕುಡಿದು ಮಲಗಿದ, ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ.

ಓಣಿಯಲ್ಲಿ ಹಾರನ್ ಕೇಳಿಸಿತು. ಮಗನ ಕಾರು, ಕಿವಿಯಂಥ ಎರಡೂ ಕನ್ನಡಿ ಮಡಚಿಕೊಂಡು, ಗೋಡೆಗಳ ನಡುವೆ ಉಸಿರು ಬಿಗಿಹಿಡಿದವರ ಹಾಗೆ ಬಂದು ಶೆಡ್ಡಿನ ಮುಂದೆ ಮೂತಿಯಿಟ್ಟು ನಿಂತಿತು. ಬಸ್ ನಿಲ್ದಾಣದಿಂದ ಸೋದರತ್ತೆಯನ್ನು ಕರೆತಂದಿದ್ದ. ಸತ್ತವನ ಒಬ್ಬಳೇ ತಂಗಿ ಆಕೆ. ಇಳಿದವಳೇ ಒಳಗೆ ಓಡಿ ಅಣ್ಣನ ಕಾಲ ಮೇಲೆ ಬಿದ್ದಳು. ಫೋನು ಇಷ್ಟು ತಡವಾಗಿ ಯಾಕೆ ಮಾಡಿದಿರಿ, ಅನ್ನಕ್ಕಿಟ್ಟ ನೀರು ಒಲೆಯ ಮೇಲೆ ಕುದಿಯುತ್ತಿತ್ತು, ಹಾಗೇ ಬಿಟ್ಟು ಬಂದೆ ಎಂದು ಅತ್ತಳು.

ಕಾರಿನ ಹಿಂದೆಯೇ ಒಂದು ಬೈಕು ಬಂದಿತ್ತು. ಅದರಿಂದ ಇಳಿದವನು ಕಾರಿಗೆ ಸಾಲ ಕೊಡಿಸಿದ ಫೈನಾನ್ಸಿನವನು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ. ಬಡಗಿಯ ಹೆಂಡತಿಗೆ ಕೈಮುಗಿದು, ನಸುಕಿನಲ್ಲೇ ನಿಮ್ಮ ಮಗ ಫೋನ್ ಮಾಡಿದರು, ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಬಂದೆ ಎಂದ.

ಅವಳ ಪೊರಕೆ ನಿಂತಿತು. ಒಡಹುಟ್ಟಿದವಳಿಗೆ ಫೋನು ಅನ್ನಕ್ಕಿಡುವ ಹೊತ್ತಿಗೆ, ಇವನಿಗೆ ನಸುಕಿಗೆ.

ಅವನು ದನಿ ತಗ್ಗಿಸಿ ಸಮಾಧಾನ ಹೇಳಿದ. "ನೀವು ಏನೂ ಯೋಚನೆ ಮಾಡ್ಬೇಡಿ ಅಮ್ಮ. ಸಾಲ ಯಜಮಾನರ ಹೆಸರಲ್ಲಿತ್ತು, ಅದರ ಮೇಲೆ ವಿಮೆ ಇತ್ತು. ಅವರು ಹೋದ್ರು, ಕಂತೂ ಹೋಯ್ತು. ಕಾರು ನಿಮ್ಮದೇ. ವರ್ಷದೊಳಗೆ ಹೋಗಿದ್ರೆ ಒಂದು ಪೈಸೆ ಬರ್ತಿರ್ಲಿಲ್ಲ. ಪುಣ್ಯಕ್ಕೆ ಹೋದ ವಾರ ವರ್ಷ ತುಂಬಿದೆ."

ಇನ್ನು ಉಳಿದಿರುವುದು ಒಂದೇ ಮಾತು ಎಂದ. ಸಾಲ ತೆಗೆಯುವ ಮೊದಲಿನಿಂದ ಕಾಯಿಲೆ ಇತ್ತೇ ಎಂದು ಆಫೀಸಿನಲ್ಲಿ ಕೇಳುತ್ತಾರೆ. ಯಾವ ಆಸ್ಪತ್ರೆಯಲ್ಲೂ ಚೀಟಿಯಿಲ್ಲ ಎಂದು ಮಗ ಹೇಳಿದ್ದಾನೆ. ಮಣ್ಣಿಗೆ ಹೋಗುವ ಮೊದಲು, ನಾಲ್ಕು ಜನರ ಮುಂದೆ, ಹೆಂಡತಿಯಾದವಳು ಏನೂ ಇರಲಿಲ್ಲ ಎಂದರೆ ಮುಗಿಯಿತು.

ಅವಳ ಕಿವಿಯಲ್ಲಿ ಆ ಮಾತಷ್ಟೇ ಉಳಿಯಿತು. ವರ್ಷ ತುಂಬಿದೆ.

*

ಮಗನದು ಸೈಟು ಮಾರಿಸುವ ದಲ್ಲಾಳಿತನ. "ಬೈಕಲ್ಲಿ ಹೋದ್ರೆ ಜನ ದಾರಿ ಕೇಳ್ತಾರೆ ಅಪ್ಪ, ಕಾರಲ್ಲಿ ಹೋದ್ರೆ ರೇಟು ಕೇಳ್ತಾರೆ," ಎನ್ನುತ್ತಿದ್ದ. ಸಣ್ಣ ಕಾರು ಆಗದು, ದೊಡ್ಡದೇ ಬೇಕು. ಹಳೆಯದು ಆಗದು, ಹೊಸದೇ ಬೇಕು. ಅವನ ಹೆಸರಿನಲ್ಲಿ ಆಗಲೇ ಎರಡು ಸಾಲ ಹಳಸಿ ಕೂತಿದ್ದವು. ಯಾರೂ ಹತ್ತಿರ ಸೇರಿಸಲಿಲ್ಲ.

ಆಗ ಈ ಫೈನಾನ್ಸಿನವನು ಕಂಪ್ಯೂಟರಿನಲ್ಲಿ ಬಡಗಿಯ ಹೆಸರು ಹಾಕಿ ನೋಡಿದ. ನೋಡಿ ಹಿಗ್ಗಿದ. ಎಲ್ಲೂ ಒಂದು ಕಲೆಯಿಲ್ಲ, ಹಾಲಿನಂಥ ಹೆಸರು ಎಂದ. ಹುಟ್ಟಿದಾಗಿನಿಂದ ಸಾಲ ಮಾಡದವನಿಗೆ ಆ ಬೀದಿಯಲ್ಲೇ ಯಾರಿಗೂ ಸಿಗದಷ್ಟು ದೊಡ್ಡ ಸಾಲ ಸಿಕ್ಕಿತು. ಮನೆ, ಶೆಡ್ಡು ಎರಡನ್ನೂ ಆಧಾರವಾಗಿ ಬರೆಸಿಕೊಂಡರು. ಆರೋಗ್ಯ ಹೇಗೆ ಎಂದು ಕೇಳಿದಾಗ ಬಡಗಿ ಬಾಯಿ ತೆರೆಯುವ ಮೊದಲೇ ಮಗ, ನಮ್ಮಪ್ಪ ಗುಂಡುಕಲ್ಲು ಎಂದ. ಗುಂಡುಕಲ್ಲು ಟವೆಲಿನೊಳಗೆ ಕೆಮ್ಮಿತು. ಆಗಲೇ ಅವನಿಗೆ ಕೆಮ್ಮು ಶುರುವಾಗಿ ಒಂದು ಮಳೆಗಾಲ ಕಳೆದಿತ್ತು. ಮರದ ಪುಡಿ, ಮತ್ತೇನಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಕಾರು ತಂದ ದಿನ ಶೋರೂಮಿನ ಹುಡುಗಿ ಹಿಂಬಾಗಿಲು ತೆರೆದು ನಿಂತಳು. ಬಡಗಿ ಒಳಗಿನ ಮೆತ್ತೆ ನೋಡಿ, ಮೆಟ್ಟಿಲ ಮೇಲೆ ಚಪ್ಪಲಿ ಕಳಚಿಟ್ಟು ಹತ್ತಿದ. ದಾರಿಯುದ್ದಕ್ಕೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡೇ ಕೂತಿದ್ದ. ಮನೆ ಮುಂದೆ ಇಳಿದಾಗಲೇ ಬರಿಗಾಲಿನಲ್ಲಿ ಬಂದಿದ್ದೇನೆಂದು ತಿಳಿದದ್ದು. ಇಷ್ಟು ದುಡ್ಡು ಕೊಟ್ಟು ಚಪ್ಪಲಿ ಕಳಕೊಂಡು ಬಂದವರನ್ನು ನಾನು ನೋಡಿರಲಿಲ್ಲ ಎಂದು ಅವಳು ಅಂದರೆ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೆಮ್ಮಾಯಿತು. ಆಮೇಲೆ ಆ ಕಾರನ್ನು ಅವನು ಹತ್ತಲಿಲ್ಲ. ಕಂತು ಮಾತ್ರ ಅವನ ಹಲಗೆಗಳ ದುಡಿಮೆಯಿಂದಲೇ ಹೋಗುತ್ತಿತ್ತು. ಸೈಟುಗಳ ದುಡ್ಡು ಕಾರಿನ ಎಣ್ಣೆಗೇ ಸಾಲುತ್ತಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಶೆಡ್ಡಿಗೆ ಚಹಾ ಒಯ್ದಾಗ, ಅವನು ಉಜ್ಜುಗೊರಡಿನಿಂದ ಒಂದು ಹಲಗೆಯ ಒಂದೇ ಜಾಗವನ್ನು ಹೆರೆಯುತ್ತಿದ್ದ. ಹತ್ತಿರ ಹೋದಳು. ಕೆಳಗೆ ಬಿದ್ದ ಹೆರಕಲಿನ ಸುರುಳಿಗಳು ಕೆಂಪಗಿದ್ದವು. "ಗಿರಾಕಿಯ ಹಲಗೆ ಕಣೇ, ಕಲೆಯಾಗಬಾರದು," ಎಂದ.

ಆ ದಿನವೇ ಅವಳು ಮಗನನ್ನು ಹಿಡಿದು ನಿಲ್ಲಿಸಿ, ಅಪ್ಪನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಅವನು ಔಷಧಿ ಅಂಗಡಿಯಿಂದ ಒಂದು ಸಿರಪ್ ತಂದುಕೊಟ್ಟ. ಮತ್ತೆ ಕೇಳಿದಳು. ಇನ್ನೊಂದು ಸಿರಪ್. ಪಕ್ಕದೂರಿನ ಡಾಕ್ಟರರಲ್ಲಿಗೆ ತಾನೇ ಬಸ್ಸಿನಲ್ಲಿ ಕರೆದೊಯ್ಯುವೆನೆಂದು ಸೀರೆ ಬದಲಿಸಿ ನಿಂತಾಗ, ಮಗ ಬಾಗಿಲಿಗೆ ಅಡ್ಡ ನಿಂತು, ಅವಳ ಕೈಹಿಡಿದು ಹೇಳಿದ್ದ: "ವರ್ಷ ತುಂಬಲಿ ಅಮ್ಮ. ವರ್ಷ ತುಂಬಿದ್ರೆ ಎಲ್ಲಾ ಸರಿಯಾಗುತ್ತೆ. ಆಮೇಲೆ ಇದೇ ಕಾರಲ್ಲಿ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ವ್ಯಾಪಾರ ಕುದುರಲಿ ಎಂದು ಹೇಳುತ್ತಿದ್ದಾನೆಂದು ಅವಳು ತಿಳಿದಳು. ಕೈಯಲ್ಲಿ ಕಾಸಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯೇನೋ ಪಾಪ ಎಂದು ಮರುಕಪಟ್ಟಳು. ಸೀರೆ ಬಿಚ್ಚಿ ಮಡಚಿಟ್ಟಳು.

*

ಮಗ ಹಿತ್ತಲಿನಲ್ಲಿ ನೀರಿನ ಡ್ರಮ್ಮಿನ ಬಳಿ ಮುಖ ತೊಳೆಯುತ್ತಿದ್ದ. ಅವಳು ಪೊರಕೆ ಹಿಡಿದೇ ಹೋದಳು.

"ಯಾವ ವರ್ಷ ತುಂಬಲಿ ಅಂದಿದ್ದೆ ನೀನು?"

ಅವನು ಮುಖ ಒರೆಸಿಕೊಳ್ಳಲಿಲ್ಲ. ನೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮೊದಲು ಏನೂ ತಿಳಿಯದವನ ಹಾಗೆ ನಿಂತ. ಆಮೇಲೆ, ಆಸ್ಪತ್ರೆಗೆ ಹೋಗಿದ್ದರೂ ಅಪ್ಪ ಉಳಿಯುತ್ತಿರಲಿಲ್ಲ ಎಂದ. ಯಾವ ಡಾಕ್ಟರು ಹೇಳಿದ್ದು ಎಂದಳು. ಯಾವ ಡಾಕ್ಟರೂ ನೋಡಿರಲೇ ಇಲ್ಲವಲ್ಲ.

"ಚೀಟಿ ಹುಟ್ಟಿದ್ರೆ ವಿಮೆ ಸಾಯ್ತಿತ್ತು ಅಮ್ಮ," ಎಂದ ಕಡೆಗೆ. "ಆಗ ಕಾರೊಂದೇ ಅಲ್ಲ, ಈ ಮನೆ, ಶೆಡ್ಡು ಎಲ್ಲಾ ಹೋಗುತ್ತೆ. ನೀನು ಎಲ್ಲಿರ್ತೀಯಾ? ನಿನಗೋಸ್ಕರಾನೂ ಹೌದು. ಅಪ್ಪಂಗೂ ಗೊತ್ತಿತ್ತು, ಅವರೇ ಒಪ್ಪಿದ್ರು."

ಅವಳು ಅವನನ್ನೇ ನೋಡಿದಳು. ಅದು ನಿಜವೋ ಸುಳ್ಳೋ ಹೇಳಬೇಕಾದವನು ಒಳಗೆ ಬಾಯಿ ಮುಚ್ಚಿ ಮಲಗಿದ್ದ.

"ಅದನ್ನೂ ಅವರ ಹೆಸರಿಗೇ ಬರೀತೀಯೇನೋ?" ಎಂದಳು.

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅತ್ತಿಗೆಯ ತೋಳು ಹಿಡಿದು ಬಚ್ಚಲ ಮರೆಗೆ ಕರೆದೊಯ್ದು, ನನಗೇನು ಸಿಟ್ಟಿಲ್ಲವಾ, ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತೆ ಎಂದಳು. ಆದರೆ ಹೋದವನು ಬರುವುದಿಲ್ಲ, ಇರುವವನು ಒಬ್ಬನೇ ಮಗ. ಒಂದು ಮಾತು ನುಂಗಿದರೆ ತಲೆಯ ಮೇಲೊಂದು ಸೂರು ಉಳಿಯುತ್ತದೆ. ಅಣ್ಣನೇ ಕಟ್ಟಿದ ಸೂರು. ಅದನ್ನು ಕಳೆದುಕೊಂಡು ಯಾರ ಜಗಲಿಯ ಮೇಲೆ ಕೂರುತ್ತೀಯಾ ಅತ್ತಿಗೆ?

ಮಾತು ಸುಳ್ಳಲ್ಲ. ಅವಳಿಗೂ ಅದು ಗೊತ್ತಿತ್ತು. ತಲೆಯೆತ್ತಿ ಮಾಡಿನ ತೊಲೆಗಳನ್ನು ನೋಡಿದಳು. ಒಂದೊಂದನ್ನೂ ಅವನು ಹೊತ್ತು ತಂದು ಕೂರಿಸಿದ್ದು, ಕೆಳಗೆ ನಿಂತು ಅವಳು ಏಣಿ ಹಿಡಿದದ್ದು. ನಂತರ ಪೊರಕೆಯನ್ನು ಮೂಲೆಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಶೆಡ್ಡಿಗೆ ಬಂದಳು.

ಅಷ್ಟರಲ್ಲಿ ಶೆಡ್ಡು ತುಂಬಿತ್ತು. ಗುಂಡಿ ತೋಡಲು ಹೋದವರೂ ವಾಪಸ್ಸು ಬಂದು ಗುದ್ದಲಿಗಳನ್ನು ಹೊರಗಿಟ್ಟಿದ್ದರು. ಫೈನಾನ್ಸಿನವನಿಗೆ ಕೂರಲು ಕುರ್ಚಿ ಕೊಟ್ಟಿದ್ದರು, ಅವನೊಬ್ಬನಿಗೇ. ಅವನು ಎದ್ದು ನಿಂತು, ಹೇಗೆ ಕೇಳಿದರೆ ಹೇಗೆ ಉತ್ತರ ಬರುತ್ತದೆಂದು ಬಲ್ಲವನ ಹಾಗೆ ಕೇಳಿದ: "ಅಮ್ಮ, ಯಜಮಾನರಿಗೆ ಮೊದಲಿಂದ ಏನೂ ಕಾಯಿಲೆ ಇರಲಿಲ್ಲ, ಅಲ್ವಾ?"

"ಇತ್ತು."

ಮಗ ಗುಂಪಿನ ಹಿಂದಿನಿಂದ ಅಮ್ಮಾ ಎಂದ. ಯಾರೂ ಅವನಿಗೆ ದಾರಿ ಬಿಡಲಿಲ್ಲ.

ಫೈನಾನ್ಸಿನವನು ಸುತ್ತ ನೋಡಿದ. ದುಃಖದಲ್ಲಿದ್ದೀರಿ, ನಿಧಾನವಾಗಿ ಯೋಚಿಸಿ ಹೇಳಿ, ನಾನಿನ್ನೂ ಕೇಳಿಸಿಕೊಂಡಿಲ್ಲ ಅಂದುಕೊಳ್ಳಿ ಎಂದ.

"ಕೇಳಿಸ್ಕೋ," ಎಂದಳು ಅವಳು. "ನೀನು ಆ ಕಾರು ಕೊಡಿಸೋ ಮುಂಚಿನಿಂದ ಕೆಮ್ಮುತ್ತಿದ್ದರು. ನಿನ್ನ ಎದುರೇ ಟವೆಲಿಗೆ ಕೆಮ್ಮಿದರು, ನೀನು ಬರ್ಕೊಳ್ಳಲಿಲ್ಲ. ಆಮೇಲೆ ರಕ್ತ ಬಂತು. ವರ್ಷ ತುಂಬಲಿ ಅಂತ ಇವರನ್ನ ಇಲ್ಲೇ ಇಟ್ಟುಕೊಂಡ್ವಿ. ಎಮ್ಮೆಗೆ ಜ್ವರ ಬಂದ್ರೂ ಡಾಕ್ಟರನ್ನ ಕರೆಸ್ತಾರೆ ಈ ಊರಲ್ಲಿ. ಇವರಿಗೆ ಕರೆಸಲಿಲ್ಲ. ಹೋಗಿ ಹಾಗೇ ಹೇಳು ನಿನ್ನ ಆಫೀಸಲ್ಲಿ."

ಕಮ್ಮಾರ ಮುಂದೆ ಬಂದು, ರಕ್ತ ನಾನೂ ನೋಡಿದ್ದೇನೆ, ನನ್ನ ಹೆಸರೂ ಹೇಳು ಎಂದ. ಫೈನಾನ್ಸಿನವನು ಚೀಲ ಹೆಗಲಿಗೇರಿಸಿದ. ಹಾಗಾದರೆ ಸಾಲ ಹಾಗೇ ಉಳಿಯುತ್ತದೆ, ಬರುವ ತಿಂಗಳಿನಿಂದ ಮನೆಯವರೇ ಕಟ್ಟಬೇಕಾಗುತ್ತದೆ, ಇಲ್ಲವಾದರೆ ಮುಂದಿನದು ನನ್ನ ಕೈಯಲ್ಲಿಲ್ಲ ಎಂದು ಹೇಳಿ, ಬೈಕನ್ನು ಹಿಂದಕ್ಕೆ ತಳ್ಳಿಕೊಂಡು ಹೋದ.

"ಎತ್ತಿ," ಎಂದಳು ಅವಳು. "ಬಿಸಿಲು ಏರ್ತಿದೆ."

ಎತ್ತಿ ಹೊರಗೆ ತಂದವರು ಹೊಸಿಲು ದಾಟಿ ನಿಂತುಬಿಟ್ಟರು. ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಕಾರು. ಒಬ್ಬೊಬ್ಬರಾಗಿ ಮೈ ಓರೆ ಮಾಡಿ ನುಸುಳಬಹುದಿತ್ತೇ ಹೊರತು, ಬಡಗಿಯನ್ನು ಹೊತ್ತು ದಾಟುವಂತಿರಲಿಲ್ಲ. ಭಾರ ಹೆಗಲ ಮೇಲಿತ್ತು. ಯಾರೂ ಮಗನನ್ನು ಕರೆಯಲಿಲ್ಲ, ಎಲ್ಲರೂ ಕಾರನ್ನು ನೋಡುತ್ತಾ ನಿಂತರು. ಮುಂದಿನ ಬಲಗಡೆಯ ಹೆಗಲು ಮಗನದಾಗಿತ್ತು. ಅವನು ಹೆಗಲು ತಪ್ಪಿಸಿ ಜೇಬಿನಲ್ಲಿ ಕೀಲಿ ತಡಕಿದ. ಅವನ ಜಾಗಕ್ಕೆ ಕಮ್ಮಾರ ಬಂದ.

ಬಾಗಿಲು ಗೇಣಗಲ ತೆರೆಯಿತು. ಮಗ ಹೊಟ್ಟೆ ಒಳಗೆಳೆದುಕೊಂಡು ತೂರಿದ. ಹಿಂದಕ್ಕೆ ಹೊರಳಿಸಿದ್ದೇ ಕಾರು ಕುಂಯ್ ಕುಂಯ್ ಎಂದು ಕೂಗತೊಡಗಿತು. ಗೋಡೆ ಹತ್ತಿರವಾದಾಗ ಕೂಗು ಏರುತ್ತಿತ್ತು. ಅವನು ನಿಲ್ಲಿಸಿ, ಚಕ್ರ ತಿರುಗಿಸಿ, ಮತ್ತೆ ಹಿಂದಕ್ಕೆ ಸರಿಸುತ್ತಿದ್ದ. ಹೊಲದಿಂದ ತಡವಾಗಿ ಬಂದವರು ಅದರ ಹಿಂದೆ ಸಿಕ್ಕಿಕೊಂಡು ತಾವೂ ಹಿಂದಹಿಂದಕ್ಕೆ ನಡೆದರು. ಹೊತ್ತವರು ಮುಂದಕ್ಕೆ ಬಂದರು. ಅವರೆಲ್ಲರ ಮುಂದೆ, ಕಾರಿನ ಮೂತಿಗೆ ಎದುರಾಗಿ, ಬಡಗಿಯ ಹೆಂಡತಿ ನಡೆಯುತ್ತಿದ್ದಳು. ಒಂದು ಹೆಜ್ಜೆಯನ್ನೂ ಅವಳು ನಿಧಾನ ಮಾಡಲಿಲ್ಲ. ಗಾಜಿನೊಳಗೆ ಮಗ ಕತ್ತು ಹೊರಳಿಸಿ ಹಿಂದಿನ ದಾರಿಯನ್ನೇ ನೋಡುತ್ತಿದ್ದ. ದೊಡ್ಡ ರಸ್ತೆ ಇನ್ನೂ ದೂರವಿತ್ತು, ಅಲ್ಲಿಯವರೆಗೆ ಎಲ್ಲೂ ತಿರುಗಿಸಲು ಜಾಗವಿರಲಿಲ್ಲ.