ಮೂರನೇ ಬಾಟಲಿಯ ನೀರು

ಕಾರವಾರದ ಹಾಸ್ಟೆಲನ್ನು ರಿಪೇರಿಗೆಂದು ಒಂದು ತಿಂಗಳು ಮುಚ್ಚಿದರು. ನಾನು ಐದು ಬಾಟಲಿ ಸಮುದ್ರದ ನೀರು, ಒಂದು ಮೈಕ್ರೋಸ್ಕೋಪು ಹೊತ್ತು ಕಡಲಿಂದ ಬಹುದೂರದ ನಮ್ಮೂರು ಇಜೇರಿಗೆ ಬಂದೆ. ಕಡಲ ದಂಡೆಯ ನೀರಿನಲ್ಲಿ ಯಾವ ಸಿಲಿಯೇಟುಗಳಿವೆ, ಅವು ಏನನ್ನು ತಿನ್ನುತ್ತವೆ, ಅವನ್ನು ಯಾವುದು ತಿನ್ನುತ್ತದೆ ಎಂಬುದು ನನ್ನ ಸಂಶೋಧನೆ. ಸಿಲಿಯೇಟ್ ಎಂದರೆ ಒಂದೇ ಕೋಶದ ಜೀವಿ, ಮೈಮೇಲೆ ಕೂದಲು. ಆ ಕೂದಲೇ ಅದರ ಕಾಲು, ಅದೇ ಕೈ. ಕೂದಲಿನ ಸಾಲು ಎಣಿಸಿ ಜಾತಿ ಗುರುತಿಸಬೇಕು. ನಮ್ಮೂರಿನಲ್ಲಿ ಜಾತಿ ತಿಳಿಯಲು ಇಷ್ಟು ತಾಪತ್ರಯವಿಲ್ಲ, ಅಡ್ಡಹೆಸರು ಕೇಳಿದರೆ ಸಾಕು.

ನಾಲ್ಕು ವರ್ಷ ಎಣಿಸಿದ್ದೆ. ಕಂಡದ್ದೆಲ್ಲ ಬೇರೆಯವರು ಮೊದಲೇ ಕಂಡದ್ದು. ಊರಿಗೆ ಬಂದ ಹನ್ನೊಂದನೇ ದಿನ ಮೂರನೇ ಬಾಟಲಿಯಲ್ಲಿ, ಕಡಲ ಜೀವಿಗಳ ಯಾವ ಪಟ್ಟಿಯಲ್ಲೂ ಇಲ್ಲದ್ದೊಂದು ಕಣ್ಣಿಗೆ ಬಿತ್ತು. ಫೋಟೋ ಕಳಿಸಿದೆ. ನನ್ನ ಗೈಡ್ ಸುಲಭಾ ಮೇಡಂ ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು.

"ಶಿವಕಾಂತಾ, ಹೊಸದೇ ಇರಬೇಕು. ಬರೆಯಲು ಶುರು ಮಾಡು."

ಎಂದೂ ಹೊಗಳದ ಬಾಯಿ ಅದು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಜೀವಿಗೆ ನನ್ನ ಆಯಿ, ಅಂದರೆ ಅಪ್ಪನ ತಾಯಿ ನಿಂಬೆವ್ವನ ಹೆಸರಿಡಬೇಕೆಂದು ನಿಶ್ಚಯಿಸಿದೆ. ಜೋಳ ಹಸನು ಮಾಡುತ್ತ ಕೂತಿದ್ದ ಅವಳಿಗೆ ಹೋಗಿ ಹೇಳಿದೆ.

"ನನ್ನ ಹೆಸರು ಹುಳಕ್ಕ ಇಡ್ತಿ?"

"ಅಚ್ಚಾಗಿ ಬರ್ತದ ಆಯಿ. ದುನಿಯಾ ಎಲ್ಲಾ ಓದ್ತದ."

"ಯಾವ ಬಾಟ್ಲಿಯಾಗ ಸಿಕ್ತು?"

"ಮೂರನೇದ್ರಾಗ."

ಅವಳು ಮೊರ ಕೆಳಗಿಟ್ಟಳು. "ಅದರಾಗಿಂದು ಅಮಾಸಿ ದಿನ ಒಂದು ಬಟ್ಟಲ ತಗೊಂಡು ತಲಿಮ್ಯಾಲ ಹಾಕ್ಕೊಂಡೀನಿ ತಂಗಿ. ಅಮಾಸಿಗಿ ಸಮುದ್ರ ಸ್ನಾನ ಛಲೋ ಅಂತಾರ. ತೀರ್ಥದ ಪಾತ್ರಿ ಕಮ್ಮಿ ಇಡಬಾರ್ದು, ಅದಕ್ಕ ತಗೊಂಡಷ್ಟು ನಮ್ಮ ಬಾವಿ ನೀರು ತುಂಬಿಟ್ಟೀನಿ."

ಎಪ್ಪತ್ತೆಂಟರ ಮುದುಕಿಯ ಮೇಲೆ ಕೂಗಾಡಬಾರದೆಂದು ಹಿತ್ತಲಿಗೆ ಹೋದೆ. ಬಾವಿ ಅಲ್ಲೇ ಇತ್ತು. ನಮ್ಮ ಬಾವಿಯದು ಸವಳು ನೀರು, ಬಾಯಿಗಿಟ್ಟರೆ ಉಪ್ಪುಪ್ಪು. ಒಂದು ಹನಿ ತಂದು ನೋಡಿದೆ. ಅದೇ ಜೀವಿ, ಅಷ್ಟೇ ಸಾಲು. ಸವಳು ನೀರಿನ ಜೀವಿಗಳ ಪುಸ್ತಕದಲ್ಲಿ ಅದರ ಚಿತ್ರವೂ ಸಿಕ್ಕಿತು. ಕಡಲಿನ ಕೆಲಸಕ್ಕೆ ಅದೇಕೆಂದು ನಾನು ಆ ಪುಸ್ತಕ ತೆರೆದೇ ಇರಲಿಲ್ಲ.

ಹೊಸದಲ್ಲದಿದ್ದರೂ ಕಾರವಾರದ ಕಡಲಲ್ಲಿ ಮೊದಲ ಸಲ ಕಂಡದ್ದು ಎಂದು ಬರೆಯಬಹುದಿತ್ತು. ಇಜೇರಿಯ ಬಾವಿಯನ್ನು ಯಾರು ಬಂದು ಇಣುಕುತ್ತಾರೆ? ಸುಳ್ಳೇಕೆ, ಒಂದು ಗಂಟೆ ಆ ಆಸೆ ತಲೆಯಲ್ಲಿತ್ತು. ಆಮೇಲೆ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಬಾಟಲಿಗೆ ಸೀಲು ಹಾಕುವುದನ್ನು ಇನ್ನಾದರೂ ಕಲಿ ಎಂದು ಅವರು ಫೋನ್ ಇಟ್ಟರು.

ಆಯಿ ಬಾಗಿಲಲ್ಲೇ ನಿಂತಿದ್ದಳು. "ಹಂಗಾರ ನನ್ನ ಹೆಸರು ಬರಂಗಿಲ್ಲೇನು?"

"ಇಲ್ಲ. ನೀ ಕೇಳಿ ತಗೋಬೇಕಾಗಿತ್ತು."

"ಕೇಳೀನಲ್ಲ. ಸಮುದ್ರ ತೋರ್ಸು ಅಂತ ನಾಕು ವರ್ಷ ಕೇಳೀನಿ. ಮುಂದಿನ ಸಲ ಅಂದಿ."

ಸಿಟ್ಟು ಇಳಿದು ನಾಚಿಕೆಯಾಯಿತು.

ಹಾಸ್ಟೆಲು ತೆರೆದ ವಾರ ಅವಳನ್ನೂ ಕಾರವಾರಕ್ಕೆ ಕರೆದೊಯ್ದೆ. ಮೊಣಕಾಲುಮಟ ನೀರಿನಲ್ಲಿ ನಿಂತು ಮೂರನೇ ಬಾಟಲಿಯನ್ನು ಅವಳೇ ತುಂಬಿದಳು, ಬಾಯಿಮಟ. ಜೀವಿಗಳಿಗೆ ಗಾಳಿ ಬೇಕು, ಎರಡು ಬೆರಳಿನಷ್ಟು ಖಾಲಿ ಬಿಡು ಎಂದೆ. ಖಾಲಿ ಬಿಡುವುದು ಅವಳಿಗೆ ಸರಿಬರಲಿಲ್ಲ. ಕೊನೆಗೆ ಅಷ್ಟು ನೀರನ್ನು ತಲೆಯ ಮೇಲೆ ಸುರಿದುಕೊಂಡು ಬಾಟಲಿ ನನ್ನ ಕೈಗಿಟ್ಟಳು. ನಾನು ಬಿರಡೆ ಬಿಗಿದು, ಸೀಲು ಹಾಕಿ, ಚೀಟಿ ಅಂಟಿಸಿದೆ. ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಈ ಚೀಟಿಗಳೆಲ್ಲ ಅಚ್ಚಾಗುತ್ತವೆ.

"ಏನ ಬರ್ದಿ?" ಎಂದಳು.

ಜಾಗ, ತಾರೀಖು, ಉಪ್ಪಿನ ಪ್ರಮಾಣ ಓದಿದೆ. ನೀರು ಸಂಗ್ರಹಿಸಿದವರು ನಿಂಬೆವ್ವ, ಇಜೇರಿ ಎಂದು ಓದಿದೆ.

"ಇನ್ನೊಮ್ಮಿ ಓದು," ಎಂದಳು.