ಚಿಲಖತ್ತ ಬಿಚ್ಚಿಸಿದ ದಿವಸ

ನಾ ನಾರಾಯಣ ಮಾಸ್ತರ, ತಾಂಬಾದಾಂವ. ಮೂವತ್ತು ವರ್ಷ ಊರ ಸಾಲ್ಯಾಗ ಇತಿಹಾಸ ಕಲಿಸೇನಿ. ನನ್ನಷ್ಟು ಶಾಣ್ಯಾ ಸುತ್ತ ಹತ್ತು ಹಳ್ಯಾಗ ಇಲ್ಲಂತ ತಿಳಕೊಂಡು ತಿರಗಿದಾಂವ ನಾ. ಎಂಥಾ ಶಾಣ್ಯಾ ಅಂತ ಕೇಳ್ರಿ.

ನಮ್ಮ ಮನ್ಯಾಗ ಒಂದು ಚಿಲಖತ್ತ ಇತ್ತು. ಸಾವಿರಗಟ್ಟಲೆ ಕಬ್ಬಿಣದ ಉಂಗುರ ಒಂದರಾಗ ಒಂದು ಕೂಡಿಸಿ ಹೆಣದ ಅಂಗಿ. ನಮ್ಮ ಹಿರ್ಯಾ ಒಬ್ಬಾಂವ ಅದನ್ನ ತೊಟ್ಟು ದಂಡಿನ್ಯಾಗ ಕಾದಾಡಿ ಸತ್ತನಂತ. ಖಂಡೇನವಮಿ ದಿವಸ ಮನಿ ಹಿರಿಯಾಂವ ಅದನ್ನ ತೊಟ್ಟು ನಿಂತು ಆರತಿ ಮಾಡಿಸಿಕೊಳ್ಳೂದು ಪದ್ಧತಿ. ಅದರ ಹಿಂದಿನ ದಿವಸ ಅದನ್ನ ತಿಕ್ಕೂದು ಚಂದಪ್ಪನ ಮನಿತನದ ಕೆಲಸ. ಭೀಮಾ ಹೊಳಿ ಒಣಾ ಉಸುಕು ತುಂಬಿದ ಚೀಲದಾಗ ಚಿಲಖತ್ತ ಹಾಕಿ, ಬಾಯಿ ಬಿಗದು, ಅಂಗಳದ ತುಂಬ ಉಳ್ಳಾಡಸ್ತಿದ್ದ. ಒಂದು ಹನಿ ನೀರು ಮುಟ್ಟಸ್ತಿರಲಿಲ್ಲ. ಆಮ್ಯಾಲ ಉಂಗುರ ಉಂಗುರಕ್ಕ ಕುಸಬಿ ಎಣ್ಣಿ. ಚಂದಪ್ಪ ಕೆಳಗಿನ ಕೇರಿಯಾಂವ, ನಾವು ಮಡಿ ಮಂದಿ. ತಿಕ್ಕಾಕ ಅವನ ಕೈ ನಡೀತಿತ್ತು, ತೊಡೂದು ಮಾತ್ರ ನಾವ.

ಹದಿನೆಂಟು ವರ್ಷದ ಹಿಂದಿನ ಮಾತು. ಎಂಟನೇ ಇಯತ್ತಾದ ಹುಡುಗರಿಗೆ ಹಿಂದಿನ ಕಾಲದ ಸೈನಿಕರ ಪಾಠ ಹೇಳಾಕತ್ತಿದ್ದೆ. ಮೈಗೆ ಹತ್ತಿ ತುಂಬಿದ ದಪ್ಪ ಅಂಗಿ, ಅದರ ಮ್ಯಾಲ ಹನ್ನೆರಡು ಕಿಲೋ ಕಬ್ಬಿಣ. ಕತ್ತಿ ಏಟಿಗೆ ಬದಕಿದಾಂವ ಬಿಸಲಿಗೆ, ನೀರಡಿಕಿಗೆ ಸಾಯ್ತಿದ್ದ ಅಂತ ಕೈ ಬೀಸಿ ಬೀಸಿ ಹೇಳಿದೆ. ಚಂದಪ್ಪನ ಮಗಳು ಪ್ರಜ್ಞಾ ಎದ್ದು ನಿಂತಳು. "ಸರ್, ಅಷ್ಟು ಭಾರ ಹೊತ್ತು ಕೈ ಎತ್ತಾಕ ಹೆಂಗ ಬರ್ತಿತ್ರಿ?"

ನನಗ ಗೊತ್ತಿರಲಿಲ್ಲ. ನಾ ತೊಟ್ಟದ್ದು ಆರತಿ ಮುಗಿಯೂತನಕ ಹತ್ತು ನಿಮಿಷ, ಅದೂ ಗೊಂಬಿಯಂಗ ನಿಂತು. "ಬರ್ತಿತ್ತು, ಕೂಡು" ಅಂತ ಗದರಿಸಿದೆ. ಗೊತ್ತಿಲ್ಲವ್ವಾ ಅನ್ನಾಕ ಏನ್ ಗಂಟ ಹೋಗ್ತಿತ್ತು?

ಅಕಿ ಅಪ್ಪನ್ನ ಕೇಳ್ಯಾಳ. ಮರುದಿನ ಖಂಡೇನವಮಿ ಅನ್ನೂವಾಗ ನಾ ಬಾಗಲಾ ತಗದು ಅಂಗಳಕ್ಕ ಬಂದ್ರ, ಚಂದಪ್ಪ ಚಿಲಖತ್ತ ತೊಟ್ಟಾನ! ಸೊಂಟಕ್ಕ ಟಾವೆಲ್ ಬಿಗದಾನ, ಕೈಯಾಗ ಬಡಿಗಿ ಹಿಡದು ಬೀಸತಾನ, ಕೂಡತಾನ, ಏಳತಾನ. ಪ್ರಜ್ಞಾ ವಹಿ ಹಿಡಕೊಂಡು ಕೇಳ್ತಾಳ, ಬರಕೋತಾಳ.

"ಎಲ್ಲಾ ಭಾರ ಹೆಗಲ ಮ್ಯಾಲ ಬಿಟ್ರ ಕೈ ಏಳೂದಿಲ್ಲವ್ವಾ" ಅನ್ನಾಕತ್ತಿದ್ದ. "ನಡಾ ಬಿಗದಿ ಅಂದ್ರ ಅರ್ಧ ಭಾರ ಟೊಂಕಕ್ಕ ಇಳೀತೈತಿ. ಆವಾಗ ನೋಡು, ಕೈ ಹಗರ."

ಯಾವ ಪುಸ್ತಕದಾಗೂ ನಾ ಓದಿರದ ಮಾತು ಅದು. ಮತ್ತ ಇನ್ನೊಂದು ಹೇಳ್ತೇನಿ, ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ. ಆ ಚಿಲಖತ್ತ ನನಗ ಮೊಳಕಾಲ ತನಕ ಜೋತಾಡ್ತಿತ್ತು. ಅವನ ಮೈಗೆ ಅಳತಿ ತಗೊಂಡು ಮಾಡಿಸಿದಂಗ ಕುಂತಿತ್ತು. ನಮ್ಮ ಮನಿತನದ ಶೂರ ಇಂವನಂಗ ಇದ್ದಿರಬೇಕು ಅಂತ ಮನಸು ಅಂದದ್ದ ತಡ, ಮೈಯೆಲ್ಲಾ ಉರದು ಹೋತು.

"ಬಿಚ್ಚಲೇ ಅದನ್ನ!" ಅಂತ ಒದರಿದೆ.

ಚಿಲಖತ್ತ ಒಬ್ಬಾಂವಗ ಸರಳ ಬಿಚ್ಚಾಕ ಬರೂದಿಲ್ಲ. ತಲಿ ಕೆಳಗ ಹಾಕಿ ಬಗ್ಗಬೇಕು, ಇನ್ನೊಬ್ರು ಮುಂದ ನಿಂತು ಹೆಗಲ ಹಿಡದು ಜಗ್ಗಬೇಕು. ಪ್ರತಿ ವರ್ಷ ಆರತಿ ಮುಗದ ಮ್ಯಾಲ ನಾ ಬಗ್ಗತಿದ್ದೆ, ಅಂವ ಜಗ್ಗತಿದ್ದ. ಆವತ್ತು ಚಂದಪ್ಪ ನನ್ನ ಮುಂದ ಬಗ್ಗಿ ನಿಂತ. ನಾ ಕೈ ಚಾಚಲಿಲ್ಲ. ಮುಟ್ಟಿದ್ರ ಮೈಲಿಗಿ! ಬಗ್ಗಿದಾಂವ ಹಂಗ ನಿಂತಾನ, ಜೋಲಿ ತಪ್ಪಿ ಮೊಳಕಾಲ ಊರ್ಯಾನ. ಕಡೀಕ ಆ ಹುಡುಗಿ ವಹಿ ಒಗದು ಓಡಿ ಬಂದು, ಅಳಕೋತ ಜಗ್ಗಿದಳು.

ಅಷ್ಟಕ್ಕ ಬಿಟ್ಟೆನೇನು? ಅವರಿಬ್ರೂ ನೋಡೂವಾಗ ಚಿಲಖತ್ತಿಗೆ ಹಾಲು, ಮೊಸರು, ಗೋಮೂತ್ರ ಸುರವಿ ಶುದ್ಧ ಮಾಡಿದೆ.

"ಪ್ರತಿ ವರ್ಷ ತಿಕ್ಕಾಂವ ಅವನ, ಎಣ್ಣಿ ಹಚ್ಚಾಂವ ಅವನ. ಇವತ್ತ ಹೆಂಗ ಮೈಲಿಗಿ ಆತ್ರಿ?" ಅಂದಳು ನನ್ನ ಹೆಂಡತಿ ಮುಕ್ತಾ.

"ನೀ ಒಳಗ ನಡಿ" ಅಂದೆ.

ಆವತ್ತಿಂದ ಚಂದಪ್ಪ ನಮ್ಮ ಅಂಗಳ ತುಳೀಲಿಲ್ಲ. ತೊಯ್ದ ಚಿಲಖತ್ತ ಮಡಿ ವಸ್ತ್ರದಾಗ ಸುತ್ತಿ ಟ್ರಂಕಿನ್ಯಾಗ ಇಟ್ಟಿದ್ದೆ. ಮರುವರ್ಷ ತಗದ್ರ ಜಂಗು ಹಿಡದು ಒಂದ ಮುದ್ದಿ ಆಗಿತ್ತು. ಉಸುಕಿನ್ಯಾಗ ತಿಕ್ಕೂ ಕಸಬು ಗೊತ್ತಿದ್ದಾಂವ ಚಂದಪ್ಪ ಒಬ್ಬನ, ಅವನ್ನ ಕರಿಯಾಕ ನನ್ನ ಮಾರಿಗೆ ಧೈರ್ಯ ಇಲ್ಲ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು.

ಹೋದ ವಾರ ಗೊತ್ತಾತು, ಚಂದಪ್ಪ ಸಿಂದಗ್ಯಾಗ ಮಗಳ ಮನ್ಯಾಗ ಅದಾನ, ದಮ್ಮು ಬಾಳ ಆಗೇತಿ ಅಂತ. ಅವನ ಕೂಡ ಒಂದ ಮಾತು ಆಡದ ಸತ್ರ ನಾ ನಾಯಿಗಿಂತ ಕಡಿ ಅನಿಸಿತು. ಚಿಲಖತ್ತ ಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ.

ಕಾಟಿನ ಮ್ಯಾಲ ಕುಂತಿದ್ದ, ಬರೇ ಎಲುಬು. "ಬರ್ರಿ ಮಾಸ್ತರ್ರ" ಅಂದ, ಏಳಾಕ ಹೋದ. ನಾ ಹಿಡದು ಕುಂಡ್ರಿಸಿದೆ. ಅವನ ಮೈ ನಾ ಮುಟ್ಟಿದ್ದು ಅದ ಮೊದಲ ಸಲ. ಚೀಲ ಬಿಚ್ಚಿ ಮುಂದಿಟ್ಟೆ. ಆ ಮುದ್ದಿ ಮ್ಯಾಲ ಬೆರಳು ಆಡಿಸಿದ. "ಅಯ್ಯ, ಹೋತಲ್ಲರಿ ಇದು" ಅಂದ, ಕಣ್ಣಾಗ ನೀರು ತಂದ. ತನಗಾದದ್ದಕ್ಕಲ್ಲ, ಕಬ್ಬಿಣಕ್ಕ!

"ತಪ್ಪು ಮಾಡೇನಿ ಚಂದಪ್ಪ" ಅಂದೆ. "ಆವತ್ತು ನಾ ಮನುಷ್ಯಾ ಆಗಿರಲಿಲ್ಲ."

"ನನಗ್ಯಾಕ ಹೇಳ್ತೀರಿ" ಅಂದ, ದಮ್ಮು ಎಳಕೋತ. "ಆವತ್ತು ಅಕಿ ನಿಂತಿದ್ಲು. ಅಕಿಗೆ ಹೇಳ್ರಿ."

ಪ್ರಜ್ಞಾ ಬಾಗಲದಾಗ ಚಹಾ ಹಿಡಕೊಂಡು ನಿಂತಿದ್ದಳು. ಈಗ ಅಕಿನೂ ಸಾಲ್ಯಾಗ ಇತಿಹಾಸ ಕಲಿಸತಾಳ. ನಾ ಎದ್ದು ನಿಂತು ಕೈ ಮುಗದೆ. "ತಪ್ಪಾತವ್ವಾ" ಅಂದೆ.

ಅಕಿ ಚಹಾ ನನ್ನ ಕೈಗೆ ಕೊಟ್ಟಳು. ಸಿಟ್ಟಿಲ್ಲ, ಏನಿಲ್ಲ.

"ಸಣ್ಣಾಕಿ ಇದ್ದಾಗ ಏನ್ ಕೇಳಿದ್ರೂ ನಮ್ಮಪ್ಪ ಕುಂತು ಹೇಳ್ತಿದ್ದರಿ, ಸರ್. ಆವತ್ತಿಂದ ನಾ ಏನ್ ಕೇಳಿದ್ರೂ ಒಂದ ಮಾತು. 'ನನಗೇನ್ ತಿಳೀತೈತವ್ವಾ, ನಿಮ್ಮ ಸರ್‌ನ ಕೇಳು.'"