ಕರೆಂಟ್ ಆಫೀಸಿನ ಫ್ಯೂಸು

ಹಿಂದೂಪುರದ ಹಳೇ ಮನೆಯನ್ನು ಕೊಂಡವರು ಕೆಡವುತ್ತಾರೆಂದು ಮೀಟರು ತೆಗೆಸಿ ಕಲ್ಯಾಣದುರ್ಗಕ್ಕೆ ಬಂದೆವು. ಬರುವಾಗ ಕೊನೆಯ ಕರೆಂಟ್ ಬಿಲ್ ಎರಡು ಸಲ ಕಟ್ಟಿಬಿಟ್ಟಿದ್ದೆವು. ನಮ್ಮ ಯಜಮಾನರು ಫೋನಿನಲ್ಲಿ ಕಟ್ಟಿದ್ದರು. ಸೀಲು ಬೀಳದ ರಸೀದಿಯನ್ನು ನಂಬದ ನಾನು ಕೌಂಟರಿನಲ್ಲೂ ಕಟ್ಟಿದ್ದೆ. ಆ ದುಡ್ಡು ಕೇಳಲು ಮತ್ತೆ ಹಿಂದೂಪುರದ ಬಸ್ಸು ಹತ್ತಿದೆ.

"ಮುಂದಿನ ಬಿಲ್ನಾಗೆ ಅಡ್ಜಸ್ಟ್ ಮಾಡ್ತೀವಿ, ಹೋಗಮ್ಮ," ಎಂದ ಗುಮಾಸ್ತ, ತಲೆಯನ್ನೂ ಎತ್ತದೆ.

"ಮೀಟರೇ ಕಿತ್ಕೊಂಡೋಗಿದ್ದೀರಲ್ಲಪ್ಪ, ಮುಂದಿನ ಬಿಲ್ ಎಲ್ಲಿಂದ ಬತ್ತದೆ?"

"ಸಿಸ್ಟಂನಾಗೆ ಹಂಗೇ ಐತೆ ಪದ್ಮಲತಮ್ಮ."

ನನಗೆ ಮೈಯೆಲ್ಲ ಉರಿಯಿತು. ಹಿಂದೊಮ್ಮೆ ನಾವು ಬಿಲ್ ಕಟ್ಟುವುದು ತಡವಾದಾಗ ಇದೇ ಆಫೀಸಿನ ಲೈನ್‌ಮನ್ ಬಂದು, ಇಡ್ಲಿಗೆ ರುಬ್ಬುತ್ತಿದ್ದಾಗಲೇ ನಮ್ಮ ಫ್ಯೂಸು ಕಿತ್ತು ಜೇಬಿಗಿಳಿಸಿದ್ದ. ದುಡ್ಡು ಕಟ್ಟಿ ಇಸ್ಕೊಂಡೋಗಿ ಅಂದಿದ್ದ. ಹೇಗೆ ಕೀಳುವುದೆಂದು ಅವತ್ತೇ ಕಣ್ಣಾರೆ ನೋಡಿಕೊಂಡಿದ್ದೆ.

ನೇರ ಹೋಗಿ ಬಾಗಿಲ ಪಕ್ಕದ ಫ್ಯೂಸಿನ ಪೆಟ್ಟಿಗೆ ತೆರೆದೆ. ಫ್ಯೂಸು ಕಿತ್ತು ಕೈಚೀಲಕ್ಕೆ ಹಾಕಿಕೊಂಡೆ. ಫ್ಯಾನು ನಿಂತಿತು, ಕಂಪ್ಯೂಟರು ಆರಿತು. ಒಳಗಿನಿಂದ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಓಡಿಬಂದರು.

"ಏನಮ್ಮ ಇದು! ಆಫೀಸಿನ ಫ್ಯೂಸು ಕಿತ್ತಿದ್ದೀಯಲ್ಲ!"

"ಬಾಕಿ ಉಳಿಸ್ಕೊಂಡೋರ ಫ್ಯೂಸು ಕೀಳೋದು ನಿಮ್ದೇ ರೂಲ್ಸು ಅಲ್ವಾ ಸಾರ್?"

ಗುಮಾಸ್ತ ಈಗ ತಲೆ ಎತ್ತಿದ್ದ. ಕುರ್ಚಿ ಬಿಟ್ಟು ಬಂದು ಕೈಯನ್ನೂ ಚಾಚಿದ. "ಮೊದ್ಲು ಅದನ್ನ ಕೊಡಮ್ಮ, ಆಮೇಲೆ ಮಾತಾಡಾನ."

ನಾನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ.

"ಮುಂದಿನ ಬಿಲ್ನಾಗೆ ಅಡ್ಜಸ್ಟ್ ಮಾಡ್ತೀನಿ ಕಣಪ್ಪ."